ಕರಡಿಯ ಕೈ ಯಾವುದು?

ಆಡಳಿತ ಮಂಡಳಿಯ ಅಧ್ಯಕ್ಷ ಗವಿಸಿದ್ದಪ್ಪನವರು ಬಿರಬಿರನೆ ಬಂದು ಎಂಟನೇ ತರಗತಿಯ ಬಾಗಿಲಲ್ಲಿ ನಿಂತಾಗ ವನಮಾಲಾ ಟೀಚರ್ ಕೈಯಲ್ಲಿದ್ದ ಸೀಮೆಸುಣ್ಣ ಕೆಳಗೆ ಬಿತ್ತು. ಕೆಲಸಕ್ಕೆ ಸೇರಿ ಇನ್ನೂ ಎರಡೇ ತಿಂಗಳಾಗಿತ್ತು.

"ಕರಡಿ ನಮ್ಮ ಸಂಬಂಧಿ ಅಂತ ಮಕ್ಕಳಿಗೆ ಕಲಿಸ್ತೀರಂತ? ಇಲ್ಲಾ ಈ ಪಾಠ ಬಿಡ್ರಿ, ಇಲ್ಲಾ ನಮ್ಮ ಶಾಲೆ ಬಿಡ್ರಿ!"

"ದೂರದ ಸಂಬಂಧಿ ಸರ್. ಎಲ್ಲರಿಗೂ ಮೂಲ ಒಂದೇ ಅನ್ನೋದಕ್ಕೆ ಮೂಳೆಗಳೇ ಸಾಕ್ಷಿ. ತೋಳಿಗೆ ಒಂದು, ಮುಂಗೈಗೆ ಎರಡು, ಮಣಿಕಟ್ಟಿಗೆ ಒಂದು ಹಿಡಿ ಸಣ್ಣ ಮೂಳೆ, ಆಮೇಲೆ ಐದು ಬೆರಳು. ನಮಗೂ ಹಾಗೇ, ಕರಡಿಗೂ ಹಾಗೇ, ಬಾವಲಿಯ ರೆಕ್ಕೆಗೂ ಹಾಗೇ."

"ಕರಡಿ ಕೈ ಯಾವುದು, ಮನುಷ್ಯರ ಕೈ ಯಾವುದು ಅಂತ ಕುರುಡನೂ ಹೇಳ್ತಾನ!"

ಟೀಚರಿಗೆ ಎಲ್ಲಿಂದಲೋ ಧೈರ್ಯ ಬಂತು. ಮೃಗಾಲಯದ ವೈದ್ಯರು ಕೊಟ್ಟಿದ್ದ ಕರಡಿಯ ಎಕ್ಸ್‌ರೇ ಒಂದು, ಮನುಷ್ಯರದೊಂದು, ಎರಡನ್ನೂ ಕಿಟಕಿಯ ಗಾಜಿಗೆ ಅಂಟಿಸಿದರು. ಉಗುರು ಗುಟ್ಟು ಬಿಟ್ಟುಕೊಡಬಾರದೆಂದು ಬೆರಳ ತುದಿಗಳಿಗೆ ಕಾಗದ ಮುಚ್ಚಿದರು.

"ಹೇಳಿ ಸರ್."

ಅಧ್ಯಕ್ಷರು ಕನ್ನಡಕ ಏರಿಸಿ ಎಡಗಡೆಯದನ್ನು ತಟ್ಟಿದರು. "ಇದು ಕರಡಿ! ಎಷ್ಟು ದಪ್ಪ, ಎಷ್ಟು ಒರಟು ನೋಡ್ರಿ. ಸಿಕ್ಕಿದ್ದನ್ನೆಲ್ಲ ಪರಚೋ ಕೈ ಇದು. ಮನುಷ್ಯರಿಗೆ ಇಂಥ ಕೈ ಇರ್ತದೇನು?"

ಮಕ್ಕಳು ಬಾಯಿಗೆ ಪುಸ್ತಕ ಅಡ್ಡ ಹಿಡಿದರು.

"ಖಾತ್ರಿನಾ ಸರ್?"

"ನೂರಕ್ಕೆ ನೂರು!"

ಟೀಚರ್ ತುಟಿ ಕಚ್ಚಿ ನಗು ತಡೆದುಕೊಂಡರು. "ಅದನ್ನ ನಿಮ್ಮ ಮೊಮ್ಮಗಳು ಮನೆಯಿಂದ ತಂದುಕೊಟ್ಟಳು ಸರ್, ಹೋದ ವರ್ಷ ನೀವು ಸ್ಕೂಟರಿನಿಂದ ಬಿದ್ದಾಗ ತೆಗೆಸಿದ್ದಂತೆ."