ಗಡಿಕಲ್ಲಿನ ಹೆಣ

ಹೆಣ ಎದ್ದು ನಡೆದಿತ್ತು ಎನ್ನುವುದರಲ್ಲಿ ಅಹ್ಮದ್ ಪಾಷಾನ ಹೋಟೆಲಿನಲ್ಲಿ ಯಾರಿಗೂ ಸಂಶಯವಿರಲಿಲ್ಲ. ಎಷ್ಟು ಹೆಜ್ಜೆ ನಡೆಯಿತು ಎನ್ನುವುದಷ್ಟೇ ಜಗಳ. ಇಪ್ಪತ್ತು ಎನ್ನುತ್ತಿದ್ದ ದರ್ಜಿ ವಾಜಿದ್. ಮೂವತ್ತಕ್ಕೆ ಕಡಿಮೆಯಿಲ್ಲ ಎನ್ನುತ್ತಿದ್ದರು ಉಳಿದವರು. ಅಳೆದು ನೋಡಿದವನು ಒಬ್ಬನೂ ಇಲ್ಲ.

ಬ್ಲಾಕ್‌ಪಳ್ಳಿ ಮಾರ್ಕೆಟ್ಟಿನ ಹಿಂದಿದ್ದ ಆ ಹೋಟೆಲಿಗೆ ಸಂಜೆಯಾದರೆ ಕೆಲಸವಿಲ್ಲದವರೆಲ್ಲ ಬಂದು ಸೇರುತ್ತಿದ್ದರು. ಒಂದು ಚಹಾ, ಎರಡು ಗಂಟೆ ಮಾತು. 1948ರಲ್ಲಿ ದೇಶದಲ್ಲಿ ಮಾತಾಡುವುದಕ್ಕೆ ವಿಷಯಕ್ಕೇನೂ ಬರವಿರಲಿಲ್ಲ. ಆದರೆ ಇವರಿಗೆ ಬೇಕಾಗಿದ್ದವನು ಐದು ವರ್ಷದ ಹಿಂದೆ ಸತ್ತ ದೊಡ್ಡನೆಕ್ಕುಂದಿಯ ಮುನಿಆಂಜನಪ್ಪ. ಬದುಕಿದ್ದಾಗ ಅವನ ಹತ್ತಿರ ಚೌಕಾಸಿ ಮಾಡದೆ ಒಂದು ಕಟ್ಟು ಸೊಪ್ಪು ಕೊಳ್ಳದ ಜನ, ಸತ್ತ ಮೇಲೆ ಅವನ ಗಾಯ ಒಂದೊಂದನ್ನೂ ಬಾಯಿಪಾಠ ಮಾಡಿಕೊಂಡಿದ್ದರು.

ನಡೆದದ್ದು ಇಷ್ಟು. ಆಗ ಹಲಸೂರು ದಾಟಿದರೆ ಮದರಾಸು ರಸ್ತೆಯ ಅಂಚಿನಲ್ಲಿ ಒಂದು ಗಡಿಕಲ್ಲಿತ್ತು. ಈಚೆಗೆ ದಂಡು, ಇಂಗ್ಲಿಷರ ಆಡಳಿತ. ಆಚೆಗೆ ಮೈಸೂರು ಮಹಾರಾಜರ ಸೀಮೆ. ಯುದ್ಧದ ಕಾಲ. ಬೆಳಗಿನ ಜಾವ ಹಾಲು ಹೊತ್ತು ಬರುತ್ತಿದ್ದ ಚಿಕ್ಕಮುನಿಯಮ್ಮ, ಲಾರಿಗಳ ಸಾಲು ಹೋಗಲೆಂದು ರಸ್ತೆ ಬದಿಗೆ ನಿಂತಿದ್ದು ಮುಂದೆ ಬಂದಳು. ಕಲ್ಲಿನ ಈಚೆ ಮುನಿಆಂಜನಪ್ಪ ತಲೆ ಒಡೆದು ರಕ್ತದಲ್ಲಿ ಬಿದ್ದಿದ್ದ. ಅವಳು ಗಡಿ ಚೌಕಿಗೆ ಓಡಿ ಸುದ್ದಿ ಹೇಳಿದಳು, ಅಲ್ಲಿಂದ ಊರಿಗೆ ಓಡಿ ಜನರನ್ನು ಕರೆತಂದಳು. ಎಲ್ಲರೂ ಬಂದು ನೋಡುವಾಗ ಹೆಣ ಕಲ್ಲಿನ ಆಚೆ, ಹೊಂಗೆ ಮರದ ಕೆಳಗಿತ್ತು. ಎರಡು ಕಡೆಯೂ ರಕ್ತ ಮಡುಗಟ್ಟಿತ್ತು.

ಹೆಣ ನಮ್ಮ ಗಡಿಯಲ್ಲಿಲ್ಲ ಎಂದರು ಈಚೆಯವರು. ಪೆಟ್ಟು ಬಿದ್ದದ್ದು ನಮ್ಮ ಗಡಿಯಲ್ಲಲ್ಲ ಎಂದರು ಆಚೆಯವರು. ಅಲ್ಲಿಗೆ ಮುಗಿಯಿತು.

ಹೋಟೆಲಿನ ಪಂಡಿತರಿಗೆ ಶುರುವಾದದ್ದೇ ಅಲ್ಲಿಂದ. ರಸ್ತೆಯಲ್ಲಿ ಗಾಜಿನ ಚೂರು ಸಿಕ್ಕಿತ್ತಂತೆ. ಗಾಜು ಎಂದರೆ ಸೋಡಾ ಬಾಟಲಿ. ಸೋಡಾ ಎಂದರೆ ಕೃಷ್ಣರಾಜಪುರದಲ್ಲಿ ಸೋಡಾ ಅಂಗಡಿ ಇಟ್ಟಿದ್ದ ತಮ್ಮ ಮುನಿರಾಜಪ್ಪ. ಅಣ್ಣತಮ್ಮಂದಿರ ನಡುವೆ ಹೊಲದ ಬದುವಿನ ಜಗಳ ಹೇಗೂ ಇತ್ತು. ಎರಡು ಕಡೆ ರಕ್ತವಿದ್ದದ್ದರಿಂದ ಎರಡು ಸಲ ಕೊಂದ ಎಂದೂ ತೀರ್ಮಾನವಾಯಿತು. ಇಷ್ಟೆಲ್ಲ ಬುದ್ಧಿ ಖರ್ಚು ಮಾಡಿದವರಿಗೆ ಚಿಕ್ಕಮುನಿಯಮ್ಮನನ್ನು ಕರೆದು ಒಂದು ಮಾತು ಕೇಳುವುದಕ್ಕೆ ಮಾತ್ರ ಪುರುಸೊತ್ತಾಗಲಿಲ್ಲ.

ಈ ಸಭೆಗೆ ಅಧ್ಯಕ್ಷ ವೆಂಕಟಸ್ವಾಮಿ. ಆಗ ಈಚೆ ಕಡೆಯ ಗಡಿ ಚೌಕಿಯಲ್ಲಿದ್ದ ಪೊಲೀಸ್ ಪೇದೆ, ಈಗ ನಿವೃತ್ತ. ಅಲ್ಲಿಗೆ ಮೊದಲು ಹೋದ ಪೊಲೀಸ್ ಎಂಬ ಒಂದೇ ಯೋಗ್ಯತೆಯ ಮೇಲೆ ಐದು ವರ್ಷದಿಂದ ಬಿಟ್ಟಿ ಚಹಾ ಕುಡಿಯುತ್ತಿದ್ದ. "ನಂಗೆ ಗೊತ್ತಿರೋದನ್ನ ಬಾಯಿ ಬಿಟ್ರೆ ನೀವು ಊಟ ಬಿಡ್ತೀರಿ ಕಣ್ರಯ್ಯ" ಎಂದು ಮೀಸೆ ತಿರುವಿ ಸುಮ್ಮನಾಗುವುದು ಅವನ ಪದ್ಧತಿ.

ಆ ಸಂಜೆ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಮುನಿಆಂಜನಪ್ಪನ ಹೆಂಡತಿ ಬೈರಮ್ಮ. ಅವಳ ಗಂಡನ ಬಗ್ಗೆ ಎಲ್ಲ ಬಲ್ಲವರು ಅವಳ ಮುಖ ನೋಡಿದ್ದು ಅದೇ ಮೊದಲು.

"ಸ್ವಾಮಿ, ಈ ಹೋಟ್ಲಿನ ಮಾತು ಊರಿಗೂ ಮುಟ್ಟಿ ನಾಳೆ ಪಂಚಾಯ್ತಿ ಸೇರ್ತದೆ" ಎಂದಳು ವೆಂಕಟಸ್ವಾಮಿಗೆ. "ಮೈದುನನೇ ಕೊಂದಿದ್ದು ಅಂತ ನಾನು ಒಂದು ಮಾತಂದ್ರೆ ಅವನ ಮನೇನ ಕುಲದಿಂದ ಆಚೆಗೆ ಹಾಕ್ತಾರೆ. ಅವನ ಮಗಳಿಗೆ ಗಂಡು ಸಿಕ್ಕಲ್ಲ. ಅನ್ನದೆ ಇದ್ರೆ, ಗಂಡನ್ನ ಕೊಂದೋನ ಜೊತೆ ಬಾಳ್ವೆ ಮಾಡ್ದಂಗಾಯ್ತದೆ. ನಂಗೆ ನಿದ್ದೆ ಇಲ್ಲ ಸ್ವಾಮಿ. ನೀವು ಕಣ್ಣಾರೆ ಕಂಡೋರು. ನಿಜ ಹೇಳಿ."

ವೆಂಕಟಸ್ವಾಮಿ ಮೀಸೆಗೆ ಕೈ ಹಾಕುವುದರೊಳಗೆ ವಾಜಿದ್ ನಡುವೆ ಬಾಯಿ ಹಾಕಿದ. "ಕೇಳೋದೇನೈತೆ ಅಮ್ಮಾ? ಬಾಟ್ಲಿ ಅವನ್ದೇ. ನಿಮ್ಮ ಯಜಮಾನ್ರು ಬದ್ಲಾ ತಗೊಳ್ಳೋಕೆ ಎದ್ದು ಹೊರಟವ್ರೆ. ತಮ್ಮನ ಅಂಗಡಿ ಇರೋದು ಆ ದಿಕ್ಕಿಗೇ ಅಲ್ವಾ?"

ಸಭೆ ಭೇಷ್ ಎಂದಿತು, ಹೆಂಡತಿಯ ಎದುರಿಗೇ, ನಾಚಿಕೆಯಿಲ್ಲದೆ. ಐದು ವರ್ಷದಲ್ಲಿ ಇಂಥ ವಿಚಾರ ಯಾರಿಗೂ ಹೊಳೆದಿರಲಿಲ್ಲ. ಯಾರೋ ವಾಜಿದನಿಗೆ ಒಂದು ಚಹಾ ಹೇಳಿದರು. ವೆಂಕಟಸ್ವಾಮಿಗೆ ಅದನ್ನು ಸಹಿಸಲಾಗಲಿಲ್ಲ. ಅವನ ಬಾಯಿ ಬಿಡಿಸಿದ್ದು ಬೈರಮ್ಮನ ಸಂಕಟವಲ್ಲ, ಆ ಚಹಾ.

"ಥೂ ನಿಮ್ಮ! ಹೆಣ ನಡೆಯುತ್ತೇನ್ರಯ್ಯ? ರಟ್ಟೆ ಹಿಡಿದು ಎಳ್ಕೊಂಡೋಗಿ ಆಚೆಗೆ ಹಾಕಿದ್ದು ನಾನು."

ಎಲ್ಲರ ಮುಖವೂ ಅವನ ಕಡೆ ತಿರುಗಿತು. ವೆಂಕಟಸ್ವಾಮಿಗೆ ಹುಮ್ಮಸ್ಸು ಬಂತು.

"ಕಲ್ಲಿನ ಈಚೆ ಇದ್ರೆ ನಾನು ಬರೀಬೇಕು. ದೊರೆಗೆ ಇಂಗ್ಲಿಷಲ್ಲೊಂದು ರಿಪೋರ್ಟು, ಮೈಸೂರಿನೋರಿಗೆ ಕನ್ನಡದಲ್ಲೊಂದು. ಆಮೇಲೆ ಆರು ತಿಂಗಳು ಕೋರ್ಟಿಗೆ ಅಲೆದಾಟ. ಚೌಕೀಲಿದ್ದೋರೆಲ್ಲ ಇದನ್ನೇ ಮಾಡ್ತಿದ್ವಿ. ಆಚೆಯೋರು ಈಚೆಗೆ ಹಾಕ್ತಿದ್ರು, ನಾವು ಆಚೆಗೆ ಹಾಕ್ತಿದ್ವಿ. ಈಗ ದಂಡೂ ಮೈಸೂರೂ ಒಂದಾಯ್ತು. ಇನ್ನು ಯಾರು ಕೇಳ್ತಾರೆ?"

ಸಭೆಗೆ ಭಾರಿ ನಿರಾಸೆಯಾಯಿತು. ಐದು ವರ್ಷ ಸಾಕಿದ ದೆವ್ವ ಒಬ್ಬ ಮೈಗಳ್ಳ ಪೇದೆಯಾಗಿ ಹೊರಬಿದ್ದಿತ್ತು. ಮೊದಲೇ ಹೇಳಬಾರದಾಗಿತ್ತೇ ಎಂದು ಒಬ್ಬ ಗೊಣಗಿದ. ಮತ್ತೊಬ್ಬ, ಹಾಗಾದರೆ ಎರಡು ಸಲ ಕೊಂದದ್ದು ಹೇಗೆ ಎಂದು ಹೊಸ ವಾದ ತೆಗೆದ. ವಾಜಿದ್ ತನ್ನ ಚಹಾ ಬೇಗ ಕುಡಿದು ಮುಗಿಸಿದ, ಯಾರಾದರೂ ವಾಪಸು ಕೇಳಿಯಾರು ಎಂದು.

ಬೈರಮ್ಮ ಮಾತ್ರ ನಿಂತಲ್ಲಿಂದ ಕದಲಲಿಲ್ಲ. "ಎಳೆದಿದ್ದು ನೀವೇ ಆಗ್ಲಿ ಸ್ವಾಮಿ. ಕೊಂದಿದ್ದು ನಮ್ಮ ಮೈದುನನೇನಾ? ಅದೊಂದು ಹೇಳಿಬಿಡಿ, ನಾನು ಹೋಗ್ತೀನಿ."

"ಏ, ಇಲ್ಲಮ್ಮ. ಪಾಪ, ಅವನ್ನ ಯಾಕೆ ಅಂತೀಯ?" ವೆಂಕಟಸ್ವಾಮಿ ಧಾರಾಳವಾಗಿ ಹೇಳಿದ. "ಲಾರಿ ಗುದ್ದಿತು ಅಂತ ನಿನ್ನ ಗಂಡನೇ ನಂಗೆ ಬಾಯಿಬಿಟ್ಟು ಹೇಳ್ದ. ನೀರು ಬೇಕು ಅಂದ. ಆಚೆ ಮರದ ಕೆಳಗೆ ಮಲಗಿಸ್ತೀನಿ, ಮೈಸೂರು ಕಡೆಯೋರು ಬಂದು ಕೊಡ್ತಾರೆ ಅಂದೆ."