ಏಳರಲ್ಲಿ ನಾಲ್ಕನೆಯದು

ಮೈಕು ಶುಭಾಳ ಗಲ್ಲದ ಹತ್ತಿರ ಬರುವ ಹೊತ್ತಿಗೆ ಶ್ರೀಕರ್ ಅವಳ ಬೆನ್ನ ಹಿಂದೆ ನಿಂತು ಪಿಸುಗುಟ್ಟಿದ. "ಅಕ್ಕ, ಎರಡೇ ಮಾತು. ಫ್ಯಾಮಿಲಿ ಜೊತೆ ಬಂದು ನೋಡಿ ಅಂದ್ಬಿಡು, ಸಾಕು."

ಜೆ.ಪಿ. ನಗರದ ಮಾಲಿನಲ್ಲಿ ಶುಕ್ರವಾರದ ಮೊದಲ ಆಟ ಆಗಷ್ಟೇ ಬಿಟ್ಟಿತ್ತು. ಶ್ರೀಕರ್ ನಿರ್ದೇಶಿಸಿದ ಮೊದಲ ಚಿತ್ರ. ಒಂದು ಮನೆ, ಏಳು ಕಥೆ. ಅಣ್ಣತಮ್ಮಂದಿರು ಯಾಕೆ ಮಾತು ಬಿಟ್ಟರೆಂದು ಯಾರಿಗೂ ತಿಳಿಯಲಿಲ್ಲ; ಕಿರಿಮಗಳ ಪ್ರೇಮ ಮಧ್ಯಂತರದ ನಂತರ ಮರೆತೇಹೋಯಿತು; ಅಜ್ಜನ ಕಾಯಿಲೆ ಒಂದು ಹಾಡಿನಲ್ಲಿ ವಾಸಿಯಾಯಿತು. ನಾಲ್ಕನೆಯ ಕಥೆ ಶುಭಾಳದ್ದೇ. ಗಂಡನ ಮನೆಯಿಂದ ಎದ್ದು ಬಂದದ್ದನ್ನು ತಮ್ಮ ಕೇಳಿದಾಗ, ಎರಡು ಭಾನುವಾರ ಕೂತು, ಒಂದು ತಾರೀಕೂ ತಪ್ಪದಂತೆ ಹೇಳಿದ್ದಳು. ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುವವಳು. ಹಾಗಲ್ಲದೆ ಹೇಳಲು ಬರುತ್ತಿರಲಿಲ್ಲ. ಪರದೆಯ ಮೇಲೆ ಅದು ಬಂದದ್ದು ನಾಲ್ಕು ನಿಮಿಷ. ಕೊನೆಗೆ ಎಲ್ಲರ ಕಥೆಯನ್ನೂ ಒಟ್ಟಿಗೆ ಮುಗಿಸಲು ಶ್ರೀಕರ್ ಮನೆಮಂದಿಯನ್ನೆಲ್ಲ ಬಾಳೆಲೆಯ ಮುಂದೆ ಕೂರಿಸಿದ್ದ. ಆ ಪಂಕ್ತಿಯಲ್ಲಿ ಅವಳ ಪಾತ್ರ ಗಂಡನ ಎಲೆಗೆ ತುಪ್ಪ ಹಾಕಿ, ನಕ್ಕು, ಅವನ ಪಕ್ಕದಲ್ಲೇ ಕೂತುಬಿಟ್ಟಿತು.

ದೀಪ ಹತ್ತುವ ಮೊದಲೇ ಪಕ್ಕದ ಸೀಟಿನ ಸರಸ್ವತಿ ಚಿಕ್ಕಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ನೋಡಿದ್ಯೇನೇ? ನೀನೂ ಹೀಗೇ ವಾಪಸ್ ಹೋಗ್ಬಿಡು. ಈಗ್ಲೂ ತಡ ಆಗಿಲ್ಲ" ಎಂದಿದ್ದರು.

"ಹೇಗಿತ್ತು ಮೇಡಂ ಸಿನಿಮಾ?" ಯೂಟ್ಯೂಬ್ ಚಾನೆಲ್ಲಿನ ಪ್ರೇರಣಾ ಕೇಳಿದಳು.

"ಏಳು ಕಥೆ ಶುರು ಆಯ್ತು, ಒಂದೂ ಮುಗೀಲಿಲ್ಲ. ನಾನು ಡೈರೆಕ್ಟರ್‌ನ ಅಕ್ಕ. ನಾಲ್ಕನೇದು ನನ್ನ ಕಥೆ. ಅದಂತೂ ಸುಳ್ಳು."

ಶ್ರೀಕರ್ ಅವಳ ಮುಂಗೈ ಹಿಡಿದ. "ನಮ್ಮಕ್ಕ ತಮಾಷೆ ಮಾಡ್ತಾಳೆ ಮೇಡಂ, ಇದನ್ನ ಹಾಕ್ಬೇಡಿ."

"ತಮಾಷೆ ಏನಿಲ್ಲ. ನೀನೇ ಹೇಳು, ನಾನು ಯಾವತ್ತು ವಾಪಸ್ ಹೋದೆ?"

"ಎರಡು ಗಂಟೆ ಸಿನಿಮಾ ಅಕ್ಕ. ಎಲ್ಲಾರ್ಗೂ ಒಂದು ಎಂಡಿಂಗ್ ಬೇಕಲ್ಲ. ಜಾಗ ಇರ್ಲಿಲ್ಲ."

"ಜಾಗ ಇಲ್ದಿದ್ರೆ ನನ್ನ ಕಿತ್ತಾಕ್ಬೇಕಿತ್ತು. ಕರ್ಕೊಂಡ್ಹೋಗಿ ಅವನ ಪಕ್ಕ ಕೂರ್ಸು ಅಂತ ಯಾರು ಹೇಳಿದ್ರು ನಿಂಗೆ? ಚಿಕ್ಕಮ್ಮ ಆಗ್ಲೇ ನನ್ನ ಬಟ್ಟೆ ಪ್ಯಾಕ್ ಮಾಡೋಕೆ ರೆಡಿ ಆಗಿದಾರೆ."

ಸುತ್ತ ನಿಂತವರಲ್ಲಿ ಯಾರೋ ನಕ್ಕರು. ಶ್ರೀಕರನ ದನಿ ಇಳಿಯಿತು. "ಇದು ಓಡ್ದೆ ಮಲಗಿದ್ರೆ ನನಗೆ ಇನ್ನೊಂದು ಪಿಕ್ಚರ್ ಯಾರೂ ಕೊಡಲ್ಲ ಅಕ್ಕ."

ಶುಭಾ ತಿರುಗಿ ಅವನ ಮುಖ ನೋಡಿದಳು. ಮೂರು ವರ್ಷ ಅವನು ನಿದ್ದೆಗೆಟ್ಟದ್ದನ್ನು ಕಂಡವಳು. ಆದರೂ ಮುಂಗೈ ಬಿಡಿಸಿಕೊಂಡಳು.

"ಕೊಡ್ತಾರೆ. ಮುಂದಿನ ಸಲ ಒಂದೇ ಕಥೆ ಮಾಡು."

ಪ್ರೇರಣಾ ಮೈಕನ್ನು ಸ್ವಲ್ಪ ತಗ್ಗಿಸಿದಳು. "ಮೇಡಂ, ಮನೆ ವಿಷಯ ಇದು. ಬೇಕಿದ್ರೆ ಮುಖ ಬ್ಲರ್ ಮಾಡಿ ಹಾಕ್ತೀವಿ."

ಶುಭಾ ಕ್ಯಾಮೆರಾದತ್ತ ಒಂದು ಹೆಜ್ಜೆ ಮುಂದೆ ಬಂದಳು.

"ಬೇಡ. ಹೆಸರೂ ಹಾಕಿ. ಶುಭಾ, ಕತ್ರಿಗುಪ್ಪೆ. ಐದು ವರ್ಷದಿಂದ ಒಬ್ಳೇ ಇದೀನಿ, ಚೆನ್ನಾಗಿದೀನಿ. ಇಷ್ಟನ್ನ ಕತ್ತರಿಸ್ಬೇಡಿ."