ದರವಿಲ್ಲದ ಊರು

“ಈ ಊರಿಗೆ ತೆರಿಗೆ ದರ ಲಭ್ಯವಿಲ್ಲ” ಎಂದು ಪರದೆಯ ಮೇಲೆ ಕೆಂಪು ಅಕ್ಷರ ಮೂಡಿದಾಗ ಮಧ್ಯಾಹ್ನ ಹನ್ನೆರಡು ಗಂಟೆ. ಮೈದುನ ಇನ್ನೆರಡು ಸಲ ಒತ್ತಿ ನೋಡಿದ. ಮತ್ತದೇ ಮಾತು. ಪಕ್ಕದ ಮೇಜಿನಲ್ಲಿ ಅತ್ತಿಗೆ ಹೊದಿಕೆಯೊಂದನ್ನು ಮಡಿಸಿ ಡಬ್ಬಕ್ಕೆ ತುಂಬುತ್ತಿದ್ದಳು. ಮನೆಯ ಹಿಂಬದಿಯ ಕೋಣೆಯಿಂದ ಇಬ್ಬರೂ ಸೇರಿ ನಡೆಸುವ ಆನ್‌ಲೈನ್ ಅಂಗಡಿ ಅದು. ಉಣ್ಣೆಯ ಹೊದಿಕೆ ಹೊಲಿಯುವುದು ಅವಳ ಕೆಲಸ, ಲೆಕ್ಕವೂ ಕಂಪ್ಯೂಟರೂ ಅವನ ಪಾಲಿಗೆ.

“ಹೋದ ವಾರ ತಾನೇ ಏನೋ ಸರಿ ಮಾಡ್ದೆ ಅಂದ್ಯಲ್ಲೋ?”

“ಸರಿ ಮಾಡಿದ್ದಕ್ಕೇ ಈ ಫಜೀತಿ ಅತ್ತಿಗೆ. ಇಷ್ಟು ವರ್ಷ ಗಿಫ್ಟ್ ಕಾರ್ಡ್ ಮಾರುವಾಗಲೇ ತೆರಿಗೆ ಕಿತ್ಕೊಳ್ತಿದ್ವಿ. ಕಾರ್ಡ್ ಅಂದ್ರೆ ಸರಕಲ್ಲ, ದುಡ್ಡಿದ್ದ ಹಾಗೆ. ಅದಕ್ಕೆ ತೆರಿಗೆ ಹಾಕೋದು ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ ಹಾಗಾಯ್ತು. ಕಾರ್ಡ್ ಕೊಟ್ಟು ಹೊದಿಕೆ ಕೊಂಡಾಗ, ಅದು ಯಾವ ಊರಿಗೆ ಹೋಗುತ್ತೋ ಆ ಊರಿನ ದರದಲ್ಲಿ ಹಾಕ್ಬೇಕು. ಈಗ ಕಾರ್ಡಿನ ಮೇಲೊಂದು ಆರ್ಡರ್ ಬಂದಿದೆ, ನೋಡಿದ್ರೆ ಈ ಊರಿಗೆ ದರಾನೇ ಇಲ್ವಂತೆ.”

ಅವನು ತೆರಿಗೆ ಇಲಾಖೆಯ ಹಳೆಯ ಪಟ್ಟಿ ತೆರೆದ. ಊರಿನ ಹೆಸರೇನೋ ಇತ್ತು. ಅದರ ಮೇಲೊಂದು ಗೆರೆ, ಮುಂದೆ ಷರಾ: ‘ಜಲಾಶಯದಲ್ಲಿ ಮುಳುಗಡೆ.’ ಹತ್ತೊಂಬತ್ತು ವರ್ಷದ ಹಿಂದಿನ ತಾರೀಕು. ಹಳೆಯ ಆರ್ಡರುಗಳನ್ನು ಜಾಲಾಡಿದರೆ ಅದೇ ವಿಳಾಸಕ್ಕೆ ಆರು ಚಳಿಗಾಲಗಳಲ್ಲಿ ಆರು ಹೊದಿಕೆ ಹೋಗಿದ್ದವು. ಕಾರ್ಡಿನ ಮೇಲೆಯೇ ತೆರಿಗೆ ಮುಗಿದಿದ್ದರಿಂದ ಕಂಪ್ಯೂಟರ್ ಒಮ್ಮೆಯೂ ‘ಯಾವ ಊರು’ ಎಂದು ಕೇಳಿರಲಿಲ್ಲ. ಆರರ ಮುಂದೆಯೂ ‘ತಲುಪಿದೆ’ ಎಂದಿತ್ತು. ಆರಕ್ಕೂ ಒಂದೇ ಸಹಿ.

ಆರ್ಡರಿನಲ್ಲಿ ಫೋನ್ ನಂಬರಿರಲಿಲ್ಲ. ಇದ್ದದ್ದು ಕಾರ್ಡ್ ಕೊಂಡವರದು, ನಿವೃತ್ತ ಟೀಚರೊಬ್ಬರದು. ಅತ್ತಿಗೆ ಅದಕ್ಕೇ ಫೋನ್ ಮಾಡಿದಳು.

“ನಿಮ್ಮ ಕಾರ್ಡಿನ ಮೇಲೆ ಒಂದು ಆರ್ಡರ್ ಬಂದಿದೆ ಟೀಚರಮ್ಮ. ವಿಳಾಸದ್ದೇ ಸ್ವಲ್ಪ ತೊಂದರೆ.”

“ಆರ್ಡರ್ ಹೇಗೆ ಬರುತ್ತಮ್ಮ? ಅದನ್ನ ನನ್ನ ತಂಗಿಯ ಹಳೇ ಈಮೇಲಿಗೆ ಕಳಿಸೋದು. ಪ್ರತಿ ವರ್ಷ, ಅವಳು ಹುಟ್ಟಿದ ದಿನ. ಈ ಸಲದ್ದು ಮೊನ್ನೆ ಕಳಿಸ್ದೆ. ಅವಳು ಹೋಗಿ ಹತ್ತೊಂಬತ್ತು ವರ್ಷ ಆಯ್ತು. ಹೂವಿಡೋಣ ಅಂದ್ರೆ ಒಂದು ಸಮಾಧೀನೂ ಇಲ್ವಲ್ಲ, ಅದಕ್ಕೆ.”

ಹೇಳಬಾರದಿತ್ತೇನೋ, ಆದರೂ ಅತ್ತಿಗೆ ಹೇಳಿಬಿಟ್ಟಳು: “ಎಲ್ಲಾ ಕಾರ್ಡೂ ಬಳಸಿದ್ದಾರಮ್ಮ.”

ಟೀಚರಮ್ಮ ಕೇಳಿದರು, “ಏನು ತಗೊಂಡ್ಲು?”

“ಹೊದಿಕೆ. ಪ್ರತಿ ಸಲಾನೂ ಹೊದಿಕೆ.”

“ಹೌದು. ಅಲ್ಲಿ ಚಳಿ ಇರುತ್ತಲ್ವಾ.”

ಮೈದುನ ಪಕ್ಕದಿಂದ ಕೈಸನ್ನೆ ಮಾಡಿದ. “ಯಾರೋ ಈಮೇಲ್ ಕದ್ದು ಆಟ ಆಡ್ತಿದ್ದಾರೆ ಅತ್ತಿಗೆ. ರದ್ದು ಮಾಡ್ತೀನಿ ಅನ್ನಿ.” ಫೋನಿನಲ್ಲಿ ಅದು ಕೇಳಿಸಿರಬೇಕು. “ರದ್ದು ಮಾಡ್ಬೇಡಿ,” ಎಂದರು ಟೀಚರಮ್ಮ. “ನಾಳೆ ನಾನೇ ಬಂದು ತಗೊಂಡು ಹೋಗ್ತೀನಿ.”

ಹೇಳಿದಂತೆ ಬಂದರು. ಸಣಕಲು ಮೈ, ಎಣ್ಣೆ ಹಾಕಿ ಬಾಚಿದ ಬಿಳಿಗೂದಲು, ಹೆಗಲಿಗೊಂದು ಬಟ್ಟೆಯ ಚೀಲ. ಮೈದುನ ಸಹಿಯನ್ನು ದೊಡ್ಡದು ಮಾಡಿ ತೋರಿಸಿದ. ‘ಯಾರದೋ ಕೈಬರಹ’ ಎನ್ನುತ್ತಾರೆ, ಅಲ್ಲಿಗೆ ಈ ಗೋಜಲು ಮುಗಿಯುತ್ತದೆ ಎಂದುಕೊಂಡಿದ್ದ. ಅವರು ಕನ್ನಡಕ ಏರಿಸಿಕೊಂಡು ಪರದೆಗೆ ಮೂಗು ತಾಗುವಷ್ಟು ಬಗ್ಗಿದರು.

“ಕೊನೇ ಅಕ್ಷರಕ್ಕೆ ಬಾಲ ಎಳೀಬೇಡ ಅಂತ ಎಷ್ಟು ಸಲ ಗದರಿಸಿದ್ದೆ. ನನ್ನ ಕ್ಲಾಸಲ್ಲೇ ಓದಿದವಳು. ಕೇಳ್ತಾನೇ ಇರ್ಲಿಲ್ಲ,” ಎಂದರು. ಆಮೇಲೆ ಯಾರೂ ಕೇಳದಿದ್ದರೂ ಹೇಳಿದರು: “ಕೊನೇ ಲಾರಿ ಹೊರಟಾಗ ಮನೆ ಬಿಟ್ಟು ಬರಲ್ಲ ಅಂತ ಒಳಗಿಂದ ಅಗಳಿ ಹಾಕ್ಕೊಂಡ್ಲು. ಹಠಮಾರಿ. ಸರಿ, ನಾಳೆ ಬಂದು ಕರ್ಕೊಂಡು ಹೋಗ್ತೀನಿ, ರೆಡಿಯಾಗಿರು ಅಂದೆ. ನಾಳೆ ಆಗೋದ್ರೊಳಗೆ ನೀರು ಬಂತು.”

ಮೈದುನ ತನಗೆ ಗೊತ್ತಿದ್ದ ಒಂದೇ ವಿಷಯಕ್ಕೆ ಜೋತುಬಿದ್ದ. “ಇಲ್ಲೇ ಕೈಯಾರೆ ತಗೊಂಡ್ರೆ ನಮ್ಮ ಊರಿನ ದರ ಆಗುತ್ತೆ. ಅಷ್ಟು ಕೊಟ್ರೆ ಸಾಕು.” ಅವರು ತೆರಿಗೆಯ ಚಿಲ್ಲರೆ ಎಣಿಸಿ ಮೇಜಿನ ಮೇಲಿಟ್ಟರು. ಹೊಸದೊಂದು ಕಾರ್ಡನ್ನೂ ಕೊಂಡರು.

“ಇದಕ್ಕೆ ತೆರಿಗೆ ಎಷ್ಟಪ್ಪಾ?”

“ಕಾರ್ಡಿಗೆ ಇಲ್ಲ ಟೀಚರಮ್ಮ. ಬಳಸಿದಾಗ ಮಾತ್ರ.”

ಮಲಗಿದ ಮಗುವನ್ನು ಎತ್ತಿಕೊಳ್ಳುವಂತೆ ಅವರು ಪೊಟ್ಟಣವನ್ನು ಎದೆಗವಚಿಕೊಂಡರು. ಅತ್ತಿಗೆ ತಡೆಯಲಾರದೆ ಕೇಳಿದಳು, “ಇದನ್ನ ಎಲ್ಲಿಗೆ ತಗೊಂಡು ಹೋಗ್ತೀರಿ?”

“ದಡದ ತನಕ,” ಎಂದು ಮೆಟ್ಟಿಲಿಳಿದು ಹೋದರು.

ಒಂಬತ್ತು ದಿನ ಕಳೆಯಿತು. ಹೊಲಿಗೆ, ಡಬ್ಬ, ಅಂಟುಪಟ್ಟಿಗಳ ಗದ್ದಲದಲ್ಲಿ ಇಬ್ಬರೂ ಆ ಮಾತೆತ್ತಲಿಲ್ಲ. ಹತ್ತನೆಯ ದಿನ ನಡು ಹಗಲಲ್ಲಿ ಮೈದುನ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದುನಿಂತ. “ಅತ್ತಿಗೆ, ಸ್ವಲ್ಪ ಇಲ್ಲಿ ಬನ್ನಿ,” ಎಂದ.

ಟೀಚರಮ್ಮ ಕೊಂಡಿದ್ದ ಕಾರ್ಡ್ ಬಳಕೆಯಾಗಿತ್ತು. ಒಂದು ಹೊದಿಕೆ. ಅದೇ ಮುಳುಗಿದ ಬೀದಿ, ಅದೇ ಮನೆ ನಂಬರ್. ಅತ್ತಿಗೆ ಟೀಚರಮ್ಮನಿಗೆ ಫೋನ್ ಮಾಡಿದಳು. ಫೋನ್ ಸ್ವಿಚ್ ಆಫ್ ಆಗಿತ್ತು. ಮೈದುನ ಪರದೆಯ ಕೆಳತುದಿಗೆ ಬೆರಳು ತೋರಿಸಿದ. ಅಂಗಡಿಯವರಿಗೆ ಏನಾದರೂ ಹೇಳುವುದಿದ್ದರೆ ಬರೆಯಲೆಂದು ಬಿಟ್ಟ ಜಾಗದಲ್ಲಿ ಒಂದು ಸಾಲು ಇತ್ತು:

“ಈ ಸಲ ಇಬ್ಬರಿಗಾಗುವಷ್ಟು ಅಗಲದ್ದು ಕಳಿಸಿ.”